ಜೋಗದ ಭೋರ್ಗರೆತ ಮತ್ತು ಪಿಸುದನಿಯ ಪ್ರೇಮಗೀತೆ

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಚಿತ್ರವು ಜೋಗದ ಸೊಬಗನ್ನು ಹೊಸ ತಲೆಮಾರಿಗೆ ತೋರಿಸಿತು. ಜಯಂತ ಕಾಯ್ಕಿಣಿಯವರು ಬರೆದು ಮನೋಮೂರ್ತಿಯವರು ಸಂಗೀತ ನೀಡಿದ ‘ಅನಿಸುತಿದೆ ಯಾಕೋ ಇಂದು’ ಗೀತೆಯನ್ನು ಸೋನು ನಿಗಮ್ ಅವರ ಕಂಠದಲ್ಲಿ ಮನೆಮನೆಗೂ ಮುಟ್ಟಿಸಿತು. ಅಂತಹ ಮೆಲುದನಿಯ ಹಾಡನ್ನು, ಮಳೆಗಾಲದ ಶರಾವತಿ 253 ಮೀಟರ್ ಎತ್ತರದಿಂದ ಧುಮುಕುವ ಕಣಿವೆಯ ಬುಡದಲ್ಲಿ ನಿಂತು ಹಾಡಿದರೆ, ನಾಲ್ಕು ಹೆಜ್ಜೆ ಆಚೆಗಿದ್ದವರಿಗೂ ಅದು ಕೇಳಿಸುವುದು ಕಷ್ಟ. ಒಂದೇ ಆಸುಪಾಸಿನ ಕಂಪನಾಂಕಗಳ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ; ಇದರ ಅಳತೆ ಹರ್ಟ್ಸ್) ಎರಡು ಶಬ್ದಗಳು ಒಟ್ಟಿಗೆ ಬಂದಾಗ ಜೋರಾದದ್ದು ಮೆಲ್ಲನೆಯದನ್ನು ನಮ್ಮ ಒಳಕಿವಿಯಲ್ಲಿ ಮುಚ್ಚಿಬಿಡುತ್ತದೆ. ಜಲಪಾತದ ಮೊರೆತವಂತೂ ಮಂದ್ರದಿಂದ ತಾರದವರೆಗೆ ಹರಡಿಕೊಂಡಿರುವುದರಿಂದ, ದನಿಯ ಯಾವ ಅಂಶಕ್ಕೂ ನುಸುಳಲು ಎಡೆ ಸಿಗುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯ ಯಕ್ಷಗಾನ ಭಾಗವತರಿಗೆ ಈ ಕಷ್ಟ ಹೊಸದಲ್ಲ. ಮೈಕ್ ಬರುವ ಮೊದಲು ಚಂಡೆ ಮದ್ದಳೆಗಳ ನಡುವಿನಿಂದ ಇಡೀ ಬಯಲಿಗೆ ಪದ ಮುಟ್ಟಬೇಕಿತ್ತು. ಕಂಠ ತೆರೆದು ಏರುಶ್ರುತಿಯಲ್ಲಿ ಹಾಡಿದಾಗ ಮೇಲಿನ ಕಂಪನಾಂಕಗಳ ಬಲ ಹೆಚ್ಚುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ ಸುಮಾರು 2,000ದಿಂದ 4,000 ಹರ್ಟ್ಸ್ ವ್ಯಾಪ್ತಿಯಲ್ಲಿಯೇ. ಹೀಗಾಗಿ ಶೃಂಗಾರದ ಪದವನ್ನೂ ಅವರು ಎತ್ತರದ ದನಿಯಲ್ಲೇ ಹಾಡಬೇಕಾಗಿತ್ತು.

1925ರ ಸುಮಾರಿಗೆ ವಿದ್ಯುತ್ ಮೈಕ್ರೊಫೋನಿನ ಧ್ವನಿಮುದ್ರಣ ಬಳಕೆಗೆ ಬಂದ ಮೇಲೆ ಈ ಕಟ್ಟುಪಾಡು ಸಡಿಲವಾಯಿತು. ತೆರೆದ ಜಾಗದಲ್ಲಿ ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ; 80 ಸೆಂಟಿಮೀಟರಿನಿಂದ 10 ಸೆಂಟಿಮೀಟರಿಗೆ ಬಂದರೆ 18 ಡೆಸಿಬೆಲ್ ಗಳಿಕೆ. ಜೊತೆಗೆ, ಒಂದೇ ದಿಕ್ಕಿನ ಶಬ್ದವನ್ನು ಹೆಚ್ಚಾಗಿ ಹಿಡಿಯುವ ಮೈಕುಗಳು ಬಾಯಿಗೆ ತೀರ ಸಮೀಪವಿದ್ದಾಗ ಮಂದ್ರ ಸ್ವರಗಳನ್ನು ಉಬ್ಬಿಸುತ್ತವೆ. ಗೋಡೆಗಳಿಂದ ಮರಳುವ ಪ್ರತಿಧ್ವನಿಗಿಂತ ಬಾಯಿಂದ ನೇರ ಬಂದ ದನಿ ಬಹಳ ಹೆಚ್ಚಿದ್ದರೆ, ಹಾಡುವವರು ಹತ್ತಿರದಲ್ಲೇ ಇದ್ದಾರೆಂದು ಮೆದುಳು ಲೆಕ್ಕ ಹಾಕುತ್ತದೆ. ಉಸಿರಿನ ಸದ್ದೂ ಕೇಳಿಸುವ ಆ ಸಾಮೀಪ್ಯವನ್ನು ಕೃತಕವೆಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆ. ಮನದ ಮಾತನ್ನು ಸಹಜ ದನಿಯಲ್ಲಿ ಸಾವಿರಾರು ಜನರಿಗೆ ಹೇಳುವ ಅವಕಾಶ ಅದರಿಂದಲೇ ಗಾಯಕರಿಗೆ ದೊರೆಯಿತು.

ಇನ್ನು ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಇದೇ ಹಾಡು ಕೇಳಿಬರುತ್ತದೆ ಎನ್ನಿ. ಗಂಡುದನಿಯ ಮೂಲ ಕಂಪನಾಂಕ 150 ಹರ್ಟ್ಸ್ ಇದ್ದರೆ ಆ ಪುಟ್ಟ ಸ್ಪೀಕರ್ ಅದನ್ನು ಹೊರಡಿಸಲಾರದು. ಅದೇ ದನಿಯಲ್ಲಿ ಬೆರೆತಿರುವ, ಅದರ ಎರಡು, ಮೂರು, ನಾಲ್ಕು ಪಟ್ಟಾದ 300, 450, 600 ಹರ್ಟ್ಸ್‌ನಂತಹ ಮೇಲಿನ ಕಂಪನಾಂಕಗಳಷ್ಟೇ ಕಿವಿಗೆ ಬೀಳುತ್ತವೆ. ಅವುಗಳ ನಡುವಿನ ಸಮಾನ ಅಂತರವನ್ನು ಗುರುತಿಸುವ ಮೆದುಳು, ಅಲ್ಲಿ ಇಲ್ಲದ 150ರ ಸ್ವರವನ್ನೇ ನಮಗೆ ಕೇಳಿಸುತ್ತದೆ.