ಬಾಯಿ ಗ್ಯಾಸ್ಟ್ರಿಕ್ ಅಂದಿತು, ಕೈ ಬೇರೇನೋ ಹೇಳಿತು

"ಸುಮ್ನೆ ಗ್ಯಾಸ್ಟ್ರಿಕ್ ಡಾಕ್ಟ್ರೇ, ಒಂದು ಮಾತ್ರೆ ಕೊಡಿ ಸಾಕು" ಎನ್ನುತ್ತಲೇ ಒಳಗೆ ಬರುವವರು ಜಾಸ್ತಿ. ನಾನು ಮೊದಲು ನೋಡುವುದು ಅವರ ಕೈಯನ್ನು. ನೋವು ಎಲ್ಲಿ ಎಂದರೆ ಕೆಲವರು ಒಂದೇ ಬೆರಳು ಇಟ್ಟು ತೋರಿಸುತ್ತಾರೆ. ಕೆಲವರು ಎದೆಯ ನಡುವೆ ಮುಷ್ಟಿ ಒತ್ತಿ ಹಿಡಿಯುತ್ತಾರೆ. ಆ ಮುಷ್ಟಿಗೆ ನಮ್ಮಲ್ಲಿ ಒಂದು ಹೆಸರೇ ಇದೆ, ಲೆವೈನ್ಸ್ ಸೈನ್. ಬೋಸ್ಟನ್ನಿನ ಹೃದಯ ತಜ್ಞ ಸ್ಯಾಮ್ಯುಯೆಲ್ ಲೆವೈನ್ ಹೆಸರಿನದು. ಒಳಗಿನ ಅಂಗಗಳ ನರಗಳು ಚರ್ಮದ ನರಗಳಷ್ಟು ಕರಾರುವಾಕ್ಕಾಗಿ ಜಾಗ ಹೇಳಲಾರವು. ಹೃದಯಕ್ಕೆ ರಕ್ತ ಸಾಲದಾದಾಗ ನೋವು ಹರಡಿಕೊಂಡು, ಹಿಂಡಿದ ಹಾಗಿರುತ್ತದೆ. ಬೆರಳಿಡಲು ಜಾಗ ಸಿಗದೆ ಇಡೀ ಕೈ ಎದೆಗೆ ಬರುತ್ತದೆ.

ಹಾಗಂತ ಮುಷ್ಟಿ ಕಂಡರೆ ಹಾರ್ಟ್ ಅಟ್ಯಾಕ್, ಬೆರಳು ಕಂಡರೆ ಗ್ಯಾಸ್ಟ್ರಿಕ್ ಎಂದುಕೊಳ್ಳಬೇಡಿ. ಹೃದಯದ ತೊಂದರೆ ಇರುವ ಎಷ್ಟೋ ಜನ ಮುಷ್ಟಿ ಹಿಡಿಯುವುದೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ನೋವೇ ಇರುವುದಿಲ್ಲ, ಬರೀ ಸುಸ್ತು, ಬೆವರು. ಕೈ ಏನೇ ಹೇಳಲಿ, ಇಸಿಜಿ ಬೇಕೇ ಬೇಕು.

ಮಾತಿನಲ್ಲಿ ಪದಗಳ ಪಾಲು 7 ಪರ್ಸೆಂಟ್, ಉಳಿದ 93 ದನಿ ಮತ್ತು ಮುಖದ್ದು ಎಂದು ಟ್ರೇನಿಂಗ್‌ಗಳಲ್ಲಿ ಹೇಳುತ್ತಾರಲ್ವಾ? ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಲೆಕ್ಕ ಹುಟ್ಟಿದ್ದು ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅವುಗಳಲ್ಲಿ ಇದ್ದದ್ದು ಬಿಡಿ ಪದಗಳು, ದನಿಯ ಏರಿಳಿತ, ಮುಖದ ಫೋಟೊ. ಹೇಳುವವರಿಗೆ ಎದುರಿನವರು ಇಷ್ಟವೋ ಇಲ್ಲವೋ ಎಂದು ಭಾಗವಹಿಸಿದವರು ಊಹಿಸಬೇಕಿತ್ತು, ಅಷ್ಟೆ. "ಊಟಕ್ಕೆ ಮುಂಚೆ ಅರ್ಧ ಮಾತ್ರೆ, ಹದಿನೈದು ದಿನ" ಎಂಬುದನ್ನು ಬಾಯಿ ಬಿಡದೆ ಹೇಳಿ ನೋಡೋಣ!

ನಮ್ಮ ಕಡೆ ಇನ್ನೊಂದು ಫಜೀತಿ, ತಲೆಯಾಡಿಸುವುದು. ಅತ್ತಿತ್ತ ಓಲಾಡುವ ಆ ತಲೆ ಹೊರಗಿನಿಂದ ಬಂದ ಕಿರಿಯ ಡಾಕ್ಟರಿಗೆ "ಬೇಡ" ಎಂದ ಹಾಗೆ ಕಾಣುತ್ತದೆ. ನಾವು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಎರಡೂ ಅಲ್ಲ. "ನೀವು ಹೇಳ್ತಿದ್ದೀರಿ, ನಾನು ಕೇಳಿಸ್ಕೊಳ್ತಿದ್ದೀನಿ" ಎಂಬ ಮರ್ಯಾದೆ ಮಾತ್ರ.

ಒಬ್ಬ ಅಜ್ಜಿ ಮೂರು ತಿಂಗಳು ಹೀಗೇ ತಲೆಯಾಡಿಸಿದರು. ಬಿಪಿ ಮಾತ್ರ ಇಳಿಯಲಿಲ್ಲ. ಕೊನೆಗೆ, "ಮಾತ್ರೆ ವಿಷಯ ಮನೆಗೆ ಹೋಗಿ ಸೊಸೆಗೆ ಏನಂತ ಹೇಳ್ತೀರಿ?" ಎಂದು ಕೇಳಿದೆ. "ತಲೆ ಸುತ್ತಿದ ದಿನ ಒಂದು ನುಂಗ್ಬೇಕಂತೆ ಅಂತ" ಎಂದರು.

"ಅರ್ಥ ಆಗ್ಲಿಲ್ಲ ಅಂದ್ರೆ ಅವತ್ತೇ ಕೇಳ್ಬಾರ್ದಿತ್ತಾ ಅಜ್ಜಿ?"

"ನೀವು ಬಾಗಿಲ ಕಡೆನೇ ನೋಡ್ತಿದ್ರಲ್ಲ ಸ್ವಾಮಿ. ಎದ್ದು ಹೋಗು ಅಂತಿದ್ದೀರಿ ಅಂದ್ಕೊಂಡೆ."