ಹೆಬ್ಬೆಟ್ಟು ಕೈಕೊಟ್ಟಾಗ

'ಬೆರಳು ಒರೆಸ್ಕೊಂಡು ಇನ್ನೊಂದ್ಸಲ ಒತ್ತಮ್ಮ.' ಶಿಡ್ಲಘಟ್ಟದ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ಸೆರಗಿಗೆ ಒರೆಸಿದ್ದಾಯಿತು, ಹೆಬ್ಬೆಟ್ಟು ಬಿಟ್ಟು ತೋರುಬೆರಳು ಇಟ್ಟದ್ದಾಯಿತು, ಬೆರಳಚ್ಚು ನೋಡುವ ಯಂತ್ರ ಮಾತ್ರ ಒಲ್ಲೆ ಎನ್ನುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬಗಳಿಗೆ ಕೊಟ್ಟ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯದ ಹಕ್ಕು ಬೆರಳ ತುದಿಗೆ ಬಂದು ನಿಂತುಬಿಡುತ್ತದೆ.

ಕಾರಣ ಈ ಊರಿನ ಕಸುಬಿನಲ್ಲೇ ಇದೆ. ರೇಷ್ಮೆಗೂಡಿನ ಎಳೆಗಳನ್ನು ಅಂಟಿಸಿರುವುದು ಸೆರಿಸಿನ್ ಎಂಬ ಗೋಂದು. ಅದು ಸಡಿಲವಾಗುವುದು ಬಿಸಿನೀರಿನಲ್ಲಿ. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯವರು ಆ ನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕುತ್ತಾರೆ, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ. ಚರ್ಮ ನೆನೆದು ಸುಲಿಯುತ್ತದೆ, ಬೆರಳ ಮೇಲಿನ ಏಣುಗಳು, ಅಂದರೆ ಉಬ್ಬುಗೆರೆಗಳು, ಸವೆಯುತ್ತವೆ. ಬೆರಳಚ್ಚು ತಾಳೆ ನೋಡುವಾಗ ಯಂತ್ರಕ್ಕೆ ಮುಖ್ಯವಾಗಿ ಬೇಕಿರುವುದು ಈ ಏಣುಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲಾಗುತ್ತವೆ ಎಂಬ ಗುರುತುಗಳು. ಅವು ಸಾಕಷ್ಟು ಸಿಗದಿದ್ದರೆ ಬೆರಳು ನಿಮ್ಮದೇ ಆದರೂ ನಿಮ್ಮದಲ್ಲ! ವಿನ್ಯಾಸದ ಅಚ್ಚು ಚರ್ಮದ ಒಳಪದರದಲ್ಲಿ ಉಳಿದಿರುತ್ತದೆ, ಕೈಗೆ ಬಿಡುವು ಕೊಟ್ಟರೆ ಮತ್ತೆ ಮೂಡುತ್ತದೆ. ಆ ಬಿಡುವಿನ ಕೂಲಿ ಕೊಡುವವರು ಯಾರು?

ಆಗ ನೆರವಿಗೆ ಬರುವುದು ಮೊಬೈಲ್. ಆಧಾರ್‌ಗೆ ಜೋಡಿಸಿದ ನಂಬರಿಗೆ 6 ಅಂಕಿಯ ಒಟಿಪಿ ಬರುತ್ತದೆ. ಎಸ್ಸೆಮ್ಮೆಸ್‌ಗೆ ಇಂಟರ್ನೆಟ್ ಬೇಕಿಲ್ಲ, ಬಟನ್ ಫೋನೂ ಸಾಕು. ಆದರೆ ಎಷ್ಟೋ ಮನೆಗಳಲ್ಲಿ ಆ ನಂಬರು ಬೆಂಗಳೂರಿನಲ್ಲಿ ದುಡಿಯುವ ಮಗನ ಜೇಬಿನಲ್ಲಿರುತ್ತದೆ. ಅವನು ಫೋನ್ ಎತ್ತಿ ಅಂಕಿ ಓದಿ ಹೇಳುವವರೆಗೆ ಹಿಂದಿನವರು ಗೊಣಗುತ್ತಿರುತ್ತಾರೆ.

ನನಗೆ ಕೇಳಿದರೆ, ದೊಡ್ಡ ದೊಡ್ಡ ಆ್ಯಪ್‌ಗಳಿಗಿಂತ ಮೊದಲು ಬೇಕಾದದ್ದು ಸ್ಟಾಕ್ ಬಂದ ದಿನ ಒಂದು ಕನ್ನಡ ಮೆಸೇಜು. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ ಬರೀ 70; ಅದರಲ್ಲೂ ಒತ್ತು, ಕೊಂಬುಗಳಿಗೆ ಬೇರೆ ಬೇರೆ ಲೆಕ್ಕ. ಹಾಗಿದ್ದರೂ 'ಅಕ್ಕಿ, ರಾಗಿ ಬಂದಿವೆ. ನಾಳೆ ಬನ್ನಿ.' ಎನ್ನಲು 31 ಸಾಕು. ಖಾಲಿ ಚೀಲ ಹಿಡಿದು ಹಿಂತಿರುಗುವ ಒಂದು ದಿನದ ಕೂಲಿ ಉಳಿಯುತ್ತದೆ.