ಸಾನ್‌ಬಾನ್: ಜಪಾನಿನಲ್ಲಿ ಚುನಾವಣೆಗೆ ನಿಲ್ಲುವವರಿಗೆ ಬೇಕಾದ ಮೂರು 'ಬಾನ್'

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಕಾನ್‌ಬಾನ್ ಬೋರ್ಡ್ ಗೊತ್ತಿರುತ್ತದೆ. ಯಾವ ಕೆಲಸ ಬಾಕಿ, ಯಾವುದು ನಡೀತಿದೆ, ಯಾವುದು ಮುಗೀತು ಅಂತ ಚೀಟಿ ಅಂಟಿಸುವ ಹಲಗೆ. ಟೊಯೋಟಾ ಕಾರ್ಖಾನೆಯಿಂದ ಬಂದ ಪದ ಅದು. ಜಪಾನಿಯಲ್ಲಿ ಅದರ ಮೂಲ ಅರ್ಥ ಸುಮ್ನೆ 'ಬೋರ್ಡು', ಅಂಗಡಿ ಮುಂದೆ ಹಾಕುತ್ತಾರಲ್ಲ, ಅದು. ಇದೇ ಪದ ಅಲ್ಲಿನ ರಾಜಕೀಯದಲ್ಲೂ ಓಡಾಡುತ್ತದೆ, ಜೊತೆಗೆ ಇನ್ನಿಬ್ಬರು ಪ್ರಾಸದ ಗೆಳೆಯರನ್ನು ಕಟ್ಟಿಕೊಂಡು.

'ಸಾನ್' ಅಂದರೆ ಮೂರು. ಜಿಬಾನ್, ಕಾನ್‌ಬಾನ್, ಕಾಬಾನ್, ಈ ಮೂರೂ ಸೇರಿ ಸಾನ್‌ಬಾನ್. ಜಿಬಾನ್ ಅಂದರೆ ನೆಲ, ಅಡಿಪಾಯ, ಅಂದರೆ ಕ್ಷೇತ್ರದಲ್ಲಿ ಬಿಟ್ಟಿರುವ ಬೇರು. ಕಾನ್‌ಬಾನ್ ಅಂದರೆ ಜನಕ್ಕೆ ಗೊತ್ತಿರುವ ಹೆಸರು. ಕಾಬಾನ್ ಅಂದರೆ ಕೈಚೀಲ. ಚೀಲದಲ್ಲಿ ಏನಿರುತ್ತದೆ ಅಂತ ಬೇರೆ ಹೇಳಬೇಕಾ?

ಜಿಬಾನ್ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1994ರ ಸುಧಾರಣೆಗೆ ಮುಂಚೆ ಜಪಾನಿನ ಕೆಳಮನೆಗೆ ಒಂದೊಂದು ಕ್ಷೇತ್ರದಿಂದ ಸಾಮಾನ್ಯವಾಗಿ ಮೂರರಿಂದ ಐದು ಜನ ಗೆಲ್ಲುತ್ತಿದ್ದರು. ಹಾಗಾಗಿ ಎಲ್‌ಡಿಪಿಯ (1955ರಲ್ಲಿ ಹುಟ್ಟಿದ ಪಕ್ಷ, ಆಮೇಲೆ ಬಹುಪಾಲು ಕಾಲ ಅಧಿಕಾರ ಅದರದ್ದೇ) ಇಬ್ಬರು ಮೂವರು ಒಂದೇ ಕ್ಷೇತ್ರದಲ್ಲಿ ಒಬ್ಬರ ಮೇಲೊಬ್ಬರು ನಿಲ್ಲಬೇಕಿತ್ತು. ಪಕ್ಷದ ಹೆಸರು ಹೇಳಿ ಏನು ಪ್ರಯೋಜನ, ಎದುರಾಳಿಯೂ ಅದೇ ಪಕ್ಷ! ಅದಕ್ಕೇ ಪ್ರತಿಯೊಬ್ಬರೂ 'ಕೋಎಂಕೈ' ಅನ್ನುವ ತಮ್ಮದೇ ಬೆಂಬಲಿಗರ ಸಂಘ ಕಟ್ಟಿಕೊಂಡರು. ಸಂಘದವರ ಮದುವೆ, ಸಾವು, ಮಕ್ಕಳ ಕೆಲಸ, ಊರಿನ ರಸ್ತೆ ಎಲ್ಲಕ್ಕೂ ಸಾಹೇಬರು. ಬಡ ರೈತ ಕುಟುಂಬದಿಂದ ಬಂದು 1972ರಲ್ಲಿ ಪ್ರಧಾನಿಯಾದ ಕಾಕುಎಯಿ ತನಾಕಾ ನಿಗಾಟಾದಲ್ಲಿ ಕಟ್ಟಿದ 'ಎತ್ಸುಝಾನ್‌ಕೈ' ಎಷ್ಟು ಗಟ್ಟಿಯಿತ್ತು ಅಂದರೆ, 1983ರ ಅಕ್ಟೋಬರಿನಲ್ಲಿ ಲಾಕ್‌ಹೀಡ್ ಲಂಚದ ಕೇಸಿನಲ್ಲಿ ಅವರಿಗೆ ಶಿಕ್ಷೆಯಾಯಿತು, ಡಿಸೆಂಬರಿನ ಚುನಾವಣೆಯಲ್ಲಿ 2 ಲಕ್ಷ 20 ಸಾವಿರಕ್ಕೂ ಜಾಸ್ತಿ ವೋಟು ಬಿತ್ತು. ಕ್ಷೇತ್ರಗಳ ಪದ್ಧತಿ ಬದಲಾದರೂ ಸಂಘಗಳು ಉಳಿದುಕೊಂಡವು.

ಆದರೆ ಮೂರರಲ್ಲಿ ನನಗೆ ತುಂಬಾ ಹಿಡಿಸುವುದು ಕಾನ್‌ಬಾನ್. ಹೆಸರು ಎಲ್ಲಾ ದೇಶದಲ್ಲೂ ಮುಖ್ಯ, ಅಲ್ವಾ? ಜಪಾನಿನಲ್ಲಿ ಮಾತ್ರ ಅದಕ್ಕೆ ಬೇರೆಯೇ ತೂಕ. ಯಾಕೆಂದರೆ ರಾಷ್ಟ್ರೀಯ ಚುನಾವಣೆಯ ಮತಪತ್ರದಲ್ಲಿ ಹೆಸರು, ಚಿಹ್ನೆ ಏನೂ ಅಚ್ಚಾಗಿರುವುದಿಲ್ಲ. ಖಾಲಿ ಚೌಕ. ಮತದಾರ ಪೆನ್ಸಿಲ್ ಹಿಡಿದು ಅಭ್ಯರ್ಥಿಯ ಹೆಸರನ್ನು ತಾನೇ ಬರೆಯಬೇಕು. ಅದಕ್ಕೇ ಎಷ್ಟೋ ಅಭ್ಯರ್ಥಿಗಳು ಪೋಸ್ಟರಿನಲ್ಲಿ ತಮ್ಮ ಹೆಸರಿನ ಕಷ್ಟದ ಅಕ್ಷರ ಬಿಟ್ಟು, ಮಕ್ಕಳೂ ಓದುವ ಸುಲಭ ಲಿಪಿಯಾದ ಹಿರಾಗಾನಾದಲ್ಲಿ ಬರೆಸುತ್ತಾರೆ. ಒಂದೇ ಮನೆತನದ ಹೆಸರಿನ ಇಬ್ಬರು ನಿಂತಿದ್ದು, ಯಾರೋ ಬರೀ 'ಸಾತೋ' ಅಂತ ಬರೆದುಬಿಟ್ಟರೆ? ಆ ವೋಟನ್ನು ಇಬ್ಬರಿಗೂ ಅವರವರ ಉಳಿದ ವೋಟಿನ ಪ್ರಮಾಣದಲ್ಲಿ ಹಂಚುತ್ತಾರೆ. ಹಾಗಾಗಿ ಫಲಿತಾಂಶದಲ್ಲಿ ದಶಾಂಶ ಬಿಂದು ಕಾಣಿಸುತ್ತದೆ. 2021ರಲ್ಲಿ ಎರಡು ವಿರೋಧ ಪಕ್ಷಗಳು 'ಮಿನ್ಶುತೋ' ಅನ್ನುವ ಒಂದೇ ಚಿಕ್ಕ ಹೆಸರು ಇಟ್ಟುಕೊಂಡು ನಿಂತವು, ಪಕ್ಷಕ್ಕೆ ಹಾಕುವ ವೋಟಿನಲ್ಲೂ (ಅಭ್ಯರ್ಥಿಯದ್ದಲ್ಲದೆ, ಪಕ್ಷದ ಹೆಸರು ಬರೆದು ಹಾಕುವ ಇನ್ನೊಂದು ವೋಟೂ ಅಲ್ಲಿದೆ) ಹೀಗೇ ಪಾಲು ಮಾಡಬೇಕಾಯಿತು.

ಈ ಹೆಸರನ್ನು ಜನರ ತಲೆಗೆ ತುಂಬಲು ಸಿಗುವ ಸಮಯವೋ ಬಹಳ ಕಡಿಮೆ. ಕೆಳಮನೆ ಚುನಾವಣೆಗೆ ಪ್ರಚಾರ 12 ದಿನ ಅಷ್ಟೇ. ಮನೆ ಮನೆಗೆ ಹೋಗಿ ವೋಟು ಕೇಳುವುದು 1925ರಲ್ಲೇ ನಿಷೇಧವಾಯಿತು, ಈಗಲೂ ಹಾಗೇ ಇದೆ. ಇಂಟರ್ನೆಟ್ಟಿನಲ್ಲಿ ಪ್ರಚಾರಕ್ಕೆ ಅವಕಾಶ ಸಿಕ್ಕಿದ್ದೇ 2013ರಲ್ಲಿ. ಓಡುವ ವ್ಯಾನಿನಿಂದ ಭಾಷಣ ಮಾಡುವಂತಿಲ್ಲ, ಹೆಸರು ಮತ್ತೆ ಮತ್ತೆ ಕೂಗಬಹುದು. ಹೀಗಾಗಿ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಬಿಳಿ ಕೈಗವಸು ಹಾಕಿದ ಕೈಗಳು ವ್ಯಾನಿನ ಕಿಟಕಿಯಿಂದ ಬೀಸುತ್ತಾ, ಮೈಕಿನಲ್ಲಿ ಹೆಸರು, ಹೆಸರು, ಮತ್ತೆ ಹೆಸರು. ಕೂಗುವ ಹೆಂಗಸರಿಗೆ ಉಗುಯಿಸು ಅನ್ನುವ ಹಾಡುಹಕ್ಕಿಯ ಹೆಸರಿಟ್ಟಿದ್ದಾರೆ. ಮಗು ಮಲಗಿಸುತ್ತಿರುವ ತಾಯಿಗೂ ಅದು ಹಕ್ಕಿಯ ಹಾಡಾಗಿ ಕೇಳಿಸುತ್ತದಾ ಅನ್ನುವುದು ಬೇರೆ ಮಾತು.

ಚೀಲದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದು ಕ್ಷೇತ್ರದಲ್ಲಿ ನಿಲ್ಲಲು ಠೇವಣಿಯೇ 30 ಲಕ್ಷ ಯೆನ್, ನೂರಕ್ಕೆ ಹತ್ತು ವೋಟೂ ಬರದಿದ್ದರೆ ಅದು ಹೋಯಿತು.

ಈಗ ಗಮನಿಸಿ, ಮೂರೂ ಅಪ್ಪನಿಂದ ಮಕ್ಕಳಿಗೆ ಕೊಡಬಹುದಾದ ಆಸ್ತಿಗಳೇ. ಸಂಘ, ಮನೆತನದ ಹೆಸರು, ಸಂಘದ ನಿಧಿ ಎಲ್ಲವೂ. ಪ್ರಧಾನಿ ಕೆಯಿಝೋ ಒಬುಚಿ 2000ದ ಮೇ ತಿಂಗಳಲ್ಲಿ ತೀರಿಕೊಂಡರು, ಜೂನಿನಲ್ಲಿ ಅವರ 26 ವರ್ಷದ ಮಗಳು ಯೂಕೋ ಅದೇ ಗುನ್ಮಾ ಕ್ಷೇತ್ರದಿಂದ ಗೆದ್ದರು. ಮಾಜಿ ಪ್ರಧಾನಿ ಜುನಿಚಿರೋ ಕೊಯಿಝುಮಿ ಅವರ ಮನೆಯಲ್ಲಿ ಇದು ನಾಲ್ಕು ತಲೆಮಾರು ನಡೆದಿದೆ. ಅದಕ್ಕೇ 'ಅವರಿಗೆ ಸಾನ್‌ಬಾನ್ ಇರಲಿಲ್ಲ' ಅನ್ನುವುದು ಅಲ್ಲಿ ದೊಡ್ಡ ಹೊಗಳಿಕೆ. 2025ರಲ್ಲಿ ಮೊದಲ ಮಹಿಳಾ ಪ್ರಧಾನಿಯಾದ ಸನಾಯೆ ತಾಕಾಯಿಚಿ ಆ ಗುಂಪಿನವರು. ತಾಯಿ ಪೊಲೀಸ್ ಇಲಾಖೆಯಲ್ಲಿದ್ದರು, ತಂದೆ ಕಂಪನಿ ಕೆಲಸದಲ್ಲಿದ್ದರು. 1992ರಲ್ಲಿ ಪಕ್ಷೇತರರಾಗಿ ನಿಂತು ಸೋತು, ಮರುವರ್ಷ ಗೆದ್ದರು.

ಇನ್ನು ಬೋರ್ಡನ್ನು ಬೋರ್ಡಿನ ಥರಾನೇ ನೇತುಹಾಕಿದವರೂ ಇದ್ದಾರೆ. 2023ರಲ್ಲಿ ಯಾಮಾಗುಚಿಯ ಉಪಚುನಾವಣೆಗೆ ಅಪ್ಪನ ಜಾಗದಲ್ಲಿ ನಿಂತ ನೊಬುಚಿಯೋ ಕಿಶಿ ತಮ್ಮ ವೆಬ್‌ಸೈಟಿನಲ್ಲಿ ವಂಶವೃಕ್ಷವನ್ನೇ ಹಾಕಿದರು. ಮುತ್ತಜ್ಜ ನೊಬುಸುಕೆ ಕಿಶಿ ಪ್ರಧಾನಿ, ದೊಡ್ಡಪ್ಪ ಶಿಂಝೋ ಅಬೆ ಪ್ರಧಾನಿ, ಹೀಗೆ. ಜನ ಬಯ್ದರು, ಅವರು ತೆಗೆದುಹಾಕಿದರು. ಏಪ್ರಿಲ್‌ನಲ್ಲಿ ಗೆದ್ದರು.